ಕುರಿಗಳಿಗೆ ಹಗಲು ಮುಚ್ಚಿದವರು

ಅವರು ಊಟಕ್ಕೆ ಕೂತರೆ ಸುತ್ತಲಿದ್ದವರ ಹಸಿವು ಸತ್ತುಹೋಗುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುವರು. ಮುಳ್ಳು ತಾವು ಗೊತ್ತುಮಾಡಿದ ಜಾಗಕ್ಕೆ ಬರುವವರೆಗೆ ರೊಟ್ಟಿ ಮುರಿಯುತ್ತಿರಲಿಲ್ಲ. ಬಂದ ಮೇಲೆ ಪ್ರಾಂಶುಪಾಲರೇ ಬಾಗಿಲಲ್ಲಿ ನಿಂತರೂ ತಲೆ ಎತ್ತುತ್ತಿರಲಿಲ್ಲ. ತಮ್ಮ ಪಾಡಿಗೆ ತಾವು ಹೀಗೆ ಉಂಡಿದ್ದರೆ ಯಾರ ತಕರಾರೂ ಇರಲಿಲ್ಲ. ಆದರೆ ಅವರು ಬೇರೆಯವರ ಡಬ್ಬಿಯೊಳಗೂ ಇಣುಕುವರು. “ಈಗ್ಯಾಕ ತಿನ್ನಾಕತ್ತೀರಿ? ನಿಮ್ಮ ಯಕೃತ್ತು ಇನ್ನೂ ಎದ್ದಿಲ್ಲ,” ಎನ್ನುವರು. ಎತ್ತಿದ ತುತ್ತು ಕೈಯಲ್ಲೇ ಹಿಡಿದುಕೊಂಡು ನಾವು ಕಳ್ಳರ ಹಾಗೆ ಕೂತಿರುತ್ತಿದ್ದೆವು.

ಹೋದ ತಿಂಗಳು ಅವರು ಜಮಖಂಡಿಯಲ್ಲಿ ತೀರಿಕೊಂಡರು. ಕಾಲೇಜಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ಅವರ ಶಿಷ್ಯೆಯಾಗಿದ್ದವಳು, ಆಮೇಲೆ ಅದೇ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವರ ಕೈಕೆಳಗೆ ಪಾಠ ಹೇಳಿದವಳು ಎಂದು ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಹೋಗಿ ಸುಳ್ಳು ಹೇಳುವುದಕ್ಕಿಂತ ಮನೆಯಲ್ಲಿ ಕೂತು ನಿಜ ಬರೆಯುವುದು ಲೇಸೆನಿಸಿತು. ಹೆಸರು ಬರೆಯುವುದಿಲ್ಲ. ಉದ್ದಕ್ಕೂ ‘ಅವರು’, ‘ಇವರು’ ಎಂದೇ ಬರೆಯುತ್ತೇನೆ. ಅದನ್ನು ಗೌರವವೆಂದು ಯಾರೂ ತಿಳಿಯಬಾರದು. ನಾಲಿಗೆಗೆ ಬಿದ್ದ ರೂಢಿ, ಅಷ್ಟೆ.

ಬಾಗಲಕೋಟೆ ಹೊಸ ಜಿಲ್ಲೆಯಾದ ಸುಮಾರಿಗೆ ನಾನು ಅವರ ತರಗತಿಯಲ್ಲಿದ್ದೆ. ಮಹಾಲಿಂಗಪುರದಲ್ಲಿ ಅಪ್ಪನ ಬೆಲ್ಲದ ಅಂಗಡಿ. ದಿನಾ ಬಸ್ಸು ಹತ್ತಿ ಜಮಖಂಡಿಗೆ ಬರುತ್ತಿದ್ದೆ. ಅವರ ಮೊದಲ ಪಾಠ ಇಂದಿಗೂ ಕಿವಿಯಲ್ಲಿದೆ. “ನಿಮ್ಮ ಮೈಯಾಗ ಒಂದ ಗಡಿಯಾರ ಇಲ್ಲ. ಸಾವಿರ ಅದಾವು. ಮಿದುಳಿನ ಗಡಿಯಾರಕ್ಕ ಬೆಳಕು ಕೀಲಿ ಕೊಡತೈತಿ. ಯಕೃತ್ತಿನ ಗಡಿಯಾರಕ್ಕ ಅನ್ನ ಕೀಲಿ ಕೊಡತೈತಿ. ಎರಡೂ ಒಂದಕ್ಕೊಂದು ಹೊಂದಲಿಲ್ಲಾ, ತಿಂದದ್ದು ಮೈಗೆ ಹತ್ತೂದಿಲ್ಲ.” ಗಿಡ, ಇಲಿ, ಮೀನು, ಮನುಷ್ಯ ಎಲ್ಲರೊಳಗೂ ಒಂದೇ ಹಗಲು ರಾತ್ರಿ ಬಡಿದುಕೊಳ್ಳುತ್ತಿದೆ ಎಂದು ಅವರು ಹೇಳಿದಾಗ ನನಗೆ ರೋಮಾಂಚನವಾಯಿತು. ಅದನ್ನು ಅಲ್ಲಗಳೆಯಲಾರೆ. ಪ್ರಾಣಿಗಳ ಜೈವಿಕ ಲಯ, ಅವು ತಿಂದದ್ದನ್ನು ದೇಹ ಉರಿಸುವ, ಕೂಡಿಡುವ ಬಗೆ, ಇವುಗಳ ಬಗ್ಗೆ ನಮ್ಮ ಸೀಮೆಯಲ್ಲಿ ಅವರಷ್ಟು ತಿಳಿದವರು ಇರಲಿಲ್ಲ. ಅಂಥ ತಿಳಿವಳಿಕೆ ಅಷ್ಟು ಸಣ್ಣ ಮನುಷ್ಯನ ಬಳಿಯೂ ಇರಬಹುದೆಂದು ಆಗ ನನಗೆ ಗೊತ್ತಿರಲಿಲ್ಲ.

ಬನಹಟ್ಟಿಯಲ್ಲಿ ನಮ್ಮ ಸಹೋದ್ಯೋಗಿಯೊಬ್ಬರ ಮಗಳ ಮದುವೆ. ನೇಕಾರರ ಮನೆ, ಸಾಲಮಾಡದೆ ಸರಳವಾಗಿ, ಅಚ್ಚುಕಟ್ಟಾಗಿ ನಡೆಸುತ್ತಿದ್ದರು. ಇನ್ನೂ ಅಕ್ಷತೆ ಬಿದ್ದಿರಲಿಲ್ಲ. ಇವರು ಎದ್ದು ನೇರ ಅಡುಗೆಯವರ ಹತ್ತಿರ ಹೋಗಿ ಎಲೆ ಹಾಕಿಸಿಕೊಂಡು ಕೂತರು. ಮದುಮಗಳ ತಂದೆ ಓಡಿಬಂದು, “ಸರ್, ಇನ್ನೊಂದೀಟು ತಡೀರಿ, ಬೀಗರು ಇನ್ನೂ ಉಂಡಿಲ್ರಿ,” ಎಂದು ಕೈಮುಗಿದರು. “ಯಕೃತ್ತು ನಿಮ್ಮ ಮುಹೂರ್ತ ಕೇಳೂದಿಲ್ಲ,” ಎಂದು ಇವರು ಎಲ್ಲರಿಗೂ ಕೇಳುವಂತೆ ಹೇಳಿ ಹೋಳಿಗೆಗೆ ತುಪ್ಪ ಬಡಿಸಿಕೊಂಡರು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ತಂದೆ ಬೀಗರ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ಇವರು ಮಾತ್ರ ಎರಡನೇ ಹೋಳಿಗೆ ಕೇಳಿದರು.

ಇನ್ನೊಮ್ಮೆ ಮುಧೋಳದಲ್ಲಿ ನಮ್ಮ ಗುಮಾಸ್ತರ ತಂದೆ ತೀರಿಹೋದಾಗ ಎಲ್ಲರೂ ಕೂಡಿ ಮಾತನಾಡಿಸಲು ಹೋಗಿದ್ದೆವು. ಗುಮಾಸ್ತರ ಮಗ ಅಳುತ್ತ, “ನಸುಕಿನ್ಯಾಗ ಹ್ವಾದ್ರು ಸರ್, ನೀರು ಕೊಡಾಕೂ ಸಿಗಲಿಲ್ಲ,” ಎಂದ. ಇವರ ಮುಖ ಅರಳಿತು. “ಬರೋಬ್ಬರಿ. ನಸುಕಿನ್ಯಾಗ ಮೈ ಬಿಸಿ ಬದಲಾಗೂ ಹೊತ್ತು. ಹೃದಯ ಕೈ ಕೊಡೂದು ಆವಾಗ. ಹಂಗ ಆಗಬೇಕು,” ಎಂದರು. ಹುಡುಗ ಅಳು ನಿಲ್ಲಿಸಿ ಇವರನ್ನೇ ನೋಡಿದ. ಹಿಂದಿರುಗುವಾಗ ಬಸ್ಸಿನಲ್ಲಿ ಇವರು ಲವಲವಿಕೆಯಿಂದ ಇದ್ದರು. ಒಂದು ಸಾವು ತಮ್ಮ ಮಾತನ್ನು ನಿಜಮಾಡಿತ್ತಲ್ಲ!

ಇವೆಲ್ಲ ನಕ್ಕು ಮರೆಯಬಹುದಾದ ಸಂಗತಿಗಳು. ಬಹಳ ದಿನ ನಾವೂ ನಕ್ಕೆವು. ನಾನು ಎಂ.ಎಸ್ಸಿ. ಮುಗಿಸಿ ಅದೇ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದು, ಅವರ ಬಳಿಯೇ ಪಿಎಚ್.ಡಿ.ಗೆ ಸೇರಿದೆ. ಕುರಿಗಳ ಪ್ರಯೋಗ ಶುರುವಾದದ್ದು ಆಮೇಲೆ.

ಪ್ರಯೋಗದ ವಿಚಾರ ಹೇಳಿದರೆ ಸರಳ. ಒಂದೇ ತಳಿಯ ಕುರಿಗಳಿಗೆ ಒಂದೇ ಅಳತೆಯ ಮೇವು. ಅರ್ಧಕ್ಕೆ ಅವು ಎಚ್ಚರವಿರುವ ಹೊತ್ತಿನಲ್ಲಿ ಹಾಕುವುದು, ಇನ್ನರ್ಧಕ್ಕೆ ಅವು ಮಲಗುವ ಹೊತ್ತಿನಲ್ಲಿ. ಹೊತ್ತು ತಪ್ಪಿ ತಿಂದ ಕುರಿಗೆ ಅದೇ ಮೇವು ಮೈಗೆ ಹತ್ತುತ್ತದೆಯೇ, ಇಲ್ಲವೇ? ಇದಕ್ಕಾಗಿ ಹೊರಗಿನ ಹಗಲು ಒಳಗೆ ಬರಬಾರದು. ಹಗಲು ಹೊತ್ತು ಒಳಗೆ ಕತ್ತಲು, ರಾತ್ರಿ ತಾನೇ ಹೊತ್ತಿಕೊಳ್ಳುವ ವಿದ್ಯುತ್ ದೀಪ. ಕುರಿಗಳ ಪಾಲಿಗೆ ದಿನವನ್ನೇ ತಿರುಗುಮುರುಗು ಮಾಡುವುದು. ಪ್ರತಿ ಕುರಿಯ ಕೊರಳಿಗೆ ಒಂದು ಪುಟ್ಟ ಪೆಟ್ಟಿಗೆ. ಅದರ ಮೈಯ ಬಿಸಿ, ಓಡಾಟ ಎಲ್ಲವನ್ನೂ ತಾನೇ ದಾಖಲಿಸಿಕೊಳ್ಳುವ ಯಂತ್ರ ಅದು. ಅನುದಾನದಲ್ಲಿ ತರಿಸಿದ್ದು.

ಜಾಗ ಸಿಕ್ಕಿದ್ದು ಬೀಳಗಿ ತಾಲ್ಲೂಕಿನಲ್ಲಿ, ಕೃಷ್ಣೆಯ ಹಿನ್ನೀರಿನ ಅಂಚಿಗೆ. ಅಣೆಕಟ್ಟಿಗೆಂದು ಖಾಲಿ ಮಾಡಿಸಿದ ಊರು. ಜನ ಮೇಲಿನ ದಿನ್ನೆಯ ಪುನರ್ವಸತಿ ಕೇಂದ್ರಕ್ಕೆ ಹೋಗಿದ್ದರು. ಬಾಗಿಲು, ತೊಲೆ ಕಿತ್ತುಕೊಂಡು ಹೋದ ಮನೆಗಳ ನಡುವೆ ಒಂದು ಕಲ್ಲಿನ ಮನೆ ಮಾತ್ರ ಗಟ್ಟಿಯಾಗಿ ನಿಂತಿತ್ತು. ದಪ್ಪ ಗೋಡೆ, ಸಣ್ಣ ಕಿಟಕಿ, ಕರೆಂಟಿನ ತಂತಿಯನ್ನೂ ಇನ್ನೂ ಕಡಿದಿರಲಿಲ್ಲ. ಇವರು ಯಾರೋ ಅಧಿಕಾರಿಯ ಬಾಯಿಮಾತಿನ ಒಪ್ಪಿಗೆ ಪಡೆದು ಅದನ್ನು ಹಿಡಿದರು. ಕಿಟಕಿಗಳಿಗೆ ಡಾಂಬರು ಕಾಗದ ಬಡಿಸಿದರು. ಒಳಗೆ ಎರಡು ಗುಂಪಿನ ನಡುವೆ ತಟ್ಟಿ ಕಟ್ಟಿಸಿದರು. ಮೇವು, ನೀರು ಹೊರಗಿನಿಂದಲೇ ಕೊಡಲೆಂದು ಅಡುಗೆಮನೆಯ ಗೋಡೆಗೆ, ತಟ್ಟಿಯ ಎರಡೂ ಬದಿಗೆ ಸಲ್ಲುವಂತೆ, ತೂತು ಕೊರೆಸಿ ಕಪ್ಪು ಅರಿವೆ ಇಳಿಬಿಟ್ಟರು.

ಕುರಿಗಳು ಮಾಳವ್ವನವು. ಐವತ್ತು ದಾಟಿದ ಕುರುಬರ ಹೆಣ್ಣುಮಗಳು, ಗಂಡ ಇಲ್ಲ. ಊರಿನ ಹುಲ್ಲುಗಾವಲೆಲ್ಲ ನೀರಿನಡಿ ಹೋಗಿತ್ತು. ಮೇವಿಲ್ಲದ ಕಾಲದಲ್ಲಿ ಹನ್ನೆರಡು ಕುರಿಗಳನ್ನು ಸಾಕಿಕೊಡುತ್ತೇನೆಂದು ಒಬ್ಬ ಸಾಹೇಬ ಬಂದರೆ ಯಾರು ಬೇಡವೆನ್ನುತ್ತಾರೆ? ದಿನಾ ಎರಡು ಹೊತ್ತು ದಿನ್ನೆಯಿಂದ ಇಳಿದು ಬಂದು ತೂತಿನಿಂದ ಮೇವು ತಳ್ಳುವ ಕೆಲಸವೂ ಅವಳದೇ ಆಯಿತು.

ಮೊದಲ ದಿನ ಅವಳು ತೂತಿಗೆ ಬಾಯಿಟ್ಟು, “ತಿನ್ನರೆವಾ, ತಿನ್ನರಿ,” ಎಂದಳು. ಒಳಗೆ ಹನ್ನೆರಡೂ ಒಟ್ಟಿಗೆ ಅರಚಿದವು. ಇವರು ಸಿಡಿಮಿಡಿಯಾಗಿ ಓಡಿಬಂದರು.

“ಏ, ಬಾಯಿ ಮುಚ್ಚು! ನಿನ್ನ ದನಿ ಕೇಳಿದ್ರ ಅವಕ್ಕ ಹೊತ್ತು ಗೊತ್ತಾಗತೈತಿ. ಇನ್ನ ಮ್ಯಾಲ ಈ ಮನಿ ಹತ್ರ ಒಂದು ಮಾತೂ ಆಡಬಾರದು.”

“ಮಾತಾಡದ ಹ್ಯಾಂಗ ಮೇವು ಹಾಕೂದ್ರಿ ಸಾಹೇಬರ?”

“ಮೂಕರು ಹಾಕೂದಿಲ್ಲೇನು?”

ಮಾಳವ್ವ ನನ್ನ ಮುಖ ನೋಡಿದಳು. ಮರುದಿನದಿಂದ ಕೈಕಡಗ ಸದ್ದಾಗದಂತೆ ಸೆರಗಿನ ಚುಂಗು ಸುತ್ತಿಕೊಂಡು ಬರತೊಡಗಿದಳು. ಮೇವು ತಳ್ಳಿ, ಒಂದು ಗಳಿಗೆ ಗೋಡೆಗೆ ಅಂಗೈ ಒತ್ತಿ ನಿಂತು, ಸುಮ್ಮನೆ ತಿರುಗಿ ಹೋಗುವಳು. ಕುರಿಗಳ ಮೇಲಿನ ಜೀವ ಎಂದುಕೊಂಡೆ.

ಮಳೆಗಾಲ ಬಂತು. ಮೇಲೆ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿತ್ತು. ಈ ಸಲ ನೀರು ಇನ್ನೂ ಎತ್ತರಕ್ಕೆ ನಿಲ್ಲಿಸುತ್ತಾರೆ, ಕೆಳಗೆ ಯಾರೂ ಇರಬಾರದು ಎಂದು ಜೀಪಿನಲ್ಲಿ ಸಾರಿಕೊಂಡು ಹೋದರು. ನಾನು ಅವರ ಕೋಣೆಗೆ ಹೋಗಿ ಕುರಿಗಳನ್ನು ಹೊರಗೆ ತರೋಣ ಎಂದೆ.

“ಇನ್ನ ಸ್ವಲ್ಪ ದಿನ ಉಳದಾವು. ಈಗ ಬೆಳಕು ಬಿತ್ತಂದ್ರ ಎಲ್ಲಾ ಹೊಳ್ಯಾಗ ಹೋದಂಗ,” ಎಂದರು.

“ಕುರಿನೂ ಹೊಳ್ಯಾಗ ಹೋಗತಾವ್ರಿ ಸರ್.”

“ಹಿನ್ನೀರು ಅದು, ತಂಗಿ. ಹೊಳಿ ಹಂಗ ನುಗ್ಗೂದಿಲ್ಲ. ನನಗ ಗೊತ್ತೈತಿ.” ಅವರು ಕೈ ಚಾಚಿದರು. “ನಿನ್ನ ಹತ್ರ ಇರೂ ಕೀಲಿನೂ ಕೊಡು. ನಿನ್ನ ಮನಸ್ಸು ಮೆತ್ತಗೈತಿ.”

ಎರಡೂ ಕೀಲಿಗಳನ್ನು ಕಿಸೆಗೆ ಹಾಕಿಕೊಂಡು ಅವರು ಮೈಸೂರಿನ ಸಮ್ಮೇಳನಕ್ಕೆ ಹೋದರು. ಪ್ರಯೋಗ ಮುಗಿಯುವ ಮುಂಚೆಯೇ ಅದರ ಬಗ್ಗೆ ಭಾಷಣ ಮಾಡುವ ಆತುರ.

ಅವರು ಹೋದ ಮರುದಿನ ಲೈನ್‌ಮನ್ ಬಂದು ಕೆಳಗಿನ ಊರಿನ ತಂತಿ ಕಡಿದುಹಾಕಿದ. ಮಾಳವ್ವ ಬೀಳಗಿಗೆ ಬಂದು ಎಸ್ಟಿಡಿ ಬೂತಿನಿಂದ ಕಾಲೇಜಿಗೆ ಫೋನ್ ಮಾಡಿಸಿದಳು. “ಅಕ್ಕೋರ, ಒಳಗ ದೀಪ ಇಲ್ರಿ. ಹಗಲೂ ಕತ್ತಲ, ರಾತ್ರಿನೂ ಕತ್ತಲ. ಅರಚಿ ಅರಚಿ ಸಾಯಾಕತ್ತಾವು.” ನಾನು ಮೈಸೂರಿನ ಅವರ ವಸತಿಗೃಹಕ್ಕೆ ಫೋನ್ ಹಚ್ಚಿದೆ. ಹೇಗೂ ಪ್ರಯೋಗ ಕೆಟ್ಟಿತು, ಇನ್ನಾದರೂ ಬಾಗಿಲು ತೆಗೆಯಲು ಹೇಳುತ್ತಾರೆ ಎಂದುಕೊಂಡಿದ್ದೆ.

ಆ ಕಡೆಯಿಂದ ಬಂದ ದನಿಯಲ್ಲಿ ಸಂತೋಷ ತುಂಬಿತ್ತು. “ಪೂರ್ತಿ ಕತ್ತಲ? ಅರೇ, ಇದು ಇನ್ನೂ ಛಲೋ ಆತು! ಬೆಳಕಿನ ಆಸರಾ ಇಲ್ಲದ ಒಳಗಿನ ಗಡಿಯಾರ ಹ್ಯಾಂಗ ಓಡತೈತಿ ಅನ್ನೂದು ಈಗ ಕಾಣತೈತಿ. ಪೆಟ್ಟಿಗಿ ಎಲ್ಲಾ ಬರಕೋತಾವು. ನಾ ಬರೂತನಕ ಯಾರೂ ಮುಟ್ಟಬ್ಯಾಡ್ರಿ.”

ಅವರು ಹೇಳಿದ್ದು ಶಾಸ್ತ್ರಕ್ಕೆ ಸರಿ. ಪೂರ್ಣ ಕತ್ತಲಿನಲ್ಲೇ ಒಳಗಿನ ಲಯ ಸ್ಪಷ್ಟವಾಗಿ ಕಾಣುವುದು. ಆ ಸರಿಯೇ ನನಗೆ ಹೇಸಿಗೆ ಹುಟ್ಟಿಸಿತು.

ಮರುದಿನ ಬೆಳಿಗ್ಗೆ ಮತ್ತೆ ಫೋನ್. “ಅಂಗಳಕ್ಕ ನೀರು ಬಂದಾವ್ರಿ ಅಕ್ಕೋರ.” ನಾನು ತರಗತಿ ಬಿಟ್ಟು ಬೀಳಗಿಯ ಬಸ್ಸು ಹತ್ತಿದೆ, ಅಲ್ಲಿಂದ ಟಂಟಂ ಗಾಡಿ ಹಿಡಿದೆ. ದಿನ್ನೆಯ ಕೆಳಗೆ ಇಡೀ ಊರು ಕಂದು ನೀರಿನಲ್ಲಿ ನಿಂತಿತ್ತು. ಮಾಳವ್ವ ಮತ್ತು ಅವಳ ಮೈದುನ ಬೀರಪ್ಪ ಹಾರೆ ಹಿಡಿದುಕೊಂಡು ನನಗಾಗಿ ಕಾಯುತ್ತಿದ್ದರು. ನಾನು ಇಲ್ಲದೆ ಒಡೆದರೆ ಕಳ್ಳತನವೆನ್ನುತ್ತಾರೆ ಎಂಬ ಅಂಜಿಕೆ ಅವರಿಗೆ.

ನೀರಿಗಿಳಿದು ಮನೆಯ ಮುಂದೆ ಹೋದೆವು. “ಒಡೀರಿ,” ಎಂದೆ.

ಬೀರಪ್ಪ ಕೀಲಿಗೆ ಹಾರೆ ಎತ್ತಿದ. “ಕೀಲಿಗೆ ಹೊಡೀಬ್ಯಾಡೋ,” ಎಂದಳು ಮಾಳವ್ವ. “ಬಲಗಡೆ ಚೌಕಟ್ಟಿಗಿ ಹಾಕು. ಅಲ್ಲಿ ಗೆದ್ದಲ ತಿಂದೈತಿ.” ಅವನು ಹಾಗೇ ಮಾಡಿದ. ಬಾಗಿಲು ವಾಲಿತು.

ಒಳಗೆ ಮೊಳಕಾಲುದ್ದ ನೀರು, ಕೆಟ್ಟ ನಾತ. ನಡುವಿನ ತಟ್ಟಿ ಮುರಿದು ಬಂದು, ಪಡಸಾಲೆಯ ಕಟ್ಟೆಯ ಮೇಲೆ ಕುರಿಗಳು ಒಂದರ ಮೇಲೊಂದು ಒತ್ತಿಕೊಂಡು ನಿಂತಿದ್ದವು. ಬೆಳಕು ಬಿದ್ದದ್ದೇ ತಡ ಹೊರಗೆ ಓಡಿಬರುತ್ತವೆ ಎಂದುಕೊಂಡಿದ್ದೆ. ಅವು ಮುಖ ತಿರುಗಿಸಿ ಗೋಡೆಗೆ ಅಂಟಿಕೊಂಡವು. ಬೀರಪ್ಪ ಒಂದನ್ನು ಎಳೆದರೆ ಅದು ಕಾಲೂರಿ ಹಿಂದಕ್ಕೆ ಜಗ್ಗಿತು. ಹಗಲು ಕಂಡು ಹೆದರುವ ಹಾಗೆ ಮಾಡಿದ್ದೆವು ಅವನ್ನು.

ಮಾಳವ್ವ ಬಾಗಿಲಲ್ಲಿ ನಿಂತು ಬಾಯಿ ತೆರೆದಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಅವಳ ದನಿ. “ಬರ್ರೆವಾ, ನನ್ನವ್ವಗೋಳ್ರಾ. ಹೆದರಬ್ಯಾಡ್ರಿ, ಹಗಲ ಐತಿ. ಬರ್ರಿ.” ಮುಂದಿದ್ದ ಒಂದು ಕಿವಿ ನಿಮಿರಿಸಿತು. ಅರಚಿತು. ಆಮೇಲೆ ಧಪ್ಪನೆ ನೀರಿಗೆ ಹಾರಿ ಅವಳ ಕಡೆಗೆ ಬಂತು. ಹಿಂದೆಯೇ ಉಳಿದವು.

ಹತ್ತು ಬಂದವು. ಉಳಿದೆರಡು ಮೂಲೆಯಲ್ಲಿ ನೀರಿನೊಳಗೆ ಸತ್ತು ಬಿದ್ದಿದ್ದವು. ಒಂದು ಗಬ್ಬದ್ದು. ಮಾಳವ್ವ ಅದರ ತಲೆ ನೀರಿನಿಂದ ಮೇಲೆತ್ತಿ ಹಿಡಿದು ಸುಮಾರು ಹೊತ್ತು ಹಾಗೇ ಇದ್ದಳು. ದಿನ್ನೆಯ ಮೇಲೆ ಒಯ್ದು ಎರಡನ್ನೂ ಹುಗಿದೆವು.

ಅವರು ಮೈಸೂರಿನಿಂದ ನೇರ ಅಲ್ಲಿಗೇ ಬಂದರು. ಕಟ್ಟಿದ್ದ ಕುರಿಗಳನ್ನು ನೋಡಲಿಲ್ಲ. ನನ್ನನ್ನು ಕೇಳಿದರು: “ಪೆಟ್ಟಿಗಿ ಎಲ್ಲೆದಾವು?”

ಹತ್ತನ್ನು ಕೊಟ್ಟೆ.

“ಉಳದೆರಡು?”

“ಸತ್ತವುಗಳ ಕೊರಳಾಗ ಇದ್ದುವ್ರಿ ಸರ್. ಹುಗದೀವಿ.”

“ಅಗದು ತಗಸು. ಸಾಯೂ ಮುಂದಿಂದು ಭಾಳ ಬೆಲೆ ಬಾಳೂ ಮಾಹಿತಿ ಅದು.”

ಮಾಳವ್ವ ಗುಡಿಸಲೊಳಗೆ ಹೋಗಿ ಹಾರೆ ತಂದು ಅವರ ಬೂಟಿನ ಮುಂದೆ ಹಾಕಿದಳು. “ಅಲ್ಲಿ ಬೇವಿನ ಗಿಡದ ಬುಡಕ್ಕ ಅದಾವ್ರಿ. ನೀವ ಅಗೀರಿ.” ಬೀರಪ್ಪನೂ ಸುತ್ತಲಿನ ಗುಡಿಸಲುಗಳ ಮಂದಿಯೂ ಎದ್ದು ನಿಂತರು. ಅವರು ಹಾರೆ ನೋಡಿದರು, ಬೇವಿನ ಮರ ನೋಡಿದರು, ಕೆಸರಾದ ತಮ್ಮ ಪ್ಯಾಂಟು ನೋಡಿಕೊಂಡರು. ಬಂದ ಜೀಪಿನಲ್ಲೇ ಹೋದರು. ಹೋದದ್ದು ಪೊಲೀಸ್ ಠಾಣೆಗೆ. ಕೀಲಿ ಒಡೆದು ಸಂಶೋಧನೆಯ ಸಾಮಾನು ಹಾಳುಮಾಡಿದ್ದಾಳೆ ಎಂದು ಮಾಳವ್ವನ ಮೇಲೆ ದೂರು ಕೊಟ್ಟರು.

ಠಾಣೆಗೆ ನಮ್ಮೆಲ್ಲರನ್ನೂ ಕರೆಸಿದರು. ಫೌಜದಾರರು ನಡುವಯಸ್ಸಿನವರು, ಸಾವಧಾನದ ಮನುಷ್ಯ. ನಾನು ನೋಡಿದ್ದನ್ನೆಲ್ಲ ಹೇಳಿದೆ: ಕೀಲಿ ಯಾರ ಬಳಿ ಇತ್ತು, ಫೋನಿನಲ್ಲಿ ಏನು ಹೇಳಿದರು, ಬೆಳಕಿಗೆ ಕುರಿಗಳು ಹೇಗೆ ಹಿಂಜರಿದವು, ಮಾಳವ್ವನ ದನಿಗೆ ಹೇಗೆ ಬಂದವು. ಅವರೂ ಲಕ್ಷ್ಯಕೊಟ್ಟು ಕೇಳಿದರು. ಫೌಜದಾರರು ಮಾಳವ್ವನ ಕಡೆ ತಿರುಗಿದರು.

“ಏನವಾ, ಇನ್ನೊಬ್ಬರ ಮನಿ ಬಾಗಲಾ ಒಡೆಯೂದು ತಪ್ಪಲ್ಲೇನು?”

“ಇನ್ನೊಬ್ಬರದಲ್ರಿ. ನಮ್ಮನಿರೀ ಅದು.”

ಫೌಜದಾರರು ಪೆನ್ನು ಕೆಳಗಿಟ್ಟರು.

“ನಮ್ಮ ಮಾವ ಕಟ್ಟಿಸಿದ್ದರಿ. ಆ ಪಡಸಾಲ್ಯಾಗ ಮೂರು ಹಡದೇನಿ. ಪರಿಹಾರ ಕೊಟ್ಟು ಸರಕಾರದವ್ರು ತಗೊಂಡಾರ, ಖರೆ. ಸಾಹೇಬರು ಮೇವು ಹಾಕಾಕ ತೂತು ಹೊಡಸ್ಯಾರಲ್ರಿ, ಅದು ನನ್ನ ಒಲಿ ಹಿಂದಿನ ಗ್ವಾಡಿ.”

“ಮಾಳವ್ವಾ, ನೀ ಯಾಕ ಹೇಳಲಿಲ್ಲ?” ಎಂದೆ ನಾನು.

“ಯಾರೂ ಕೇಳಲಿಲ್ಲಲ್ರಿ ಅಕ್ಕೋರ. ಮಾತಾಡಬ್ಯಾಡ ಅಂದಿದ್ರು.”

ಆ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳಲ್ಲ, ಅದು ಕುರಿಗಳಿಗೊಂದೇ ಅಲ್ಲ ಎಂದು ನನಗೆ ತಿಳಿದದ್ದು ಅಲ್ಲಿ, ಠಾಣೆಯ ಬೆಂಚಿನ ಮೇಲೆ.

ಫೌಜದಾರರು ಅವರನ್ನು ನೋಡಿದರು. ಈಗಲಾದರೂ ಏನಾದರೂ ಹೇಳಿಯಾರು ಎಂದು ನಾನೂ ನೋಡಿದೆ. ಅವರು ಕನ್ನಡಕ ಒರೆಸಿಕೊಂಡು, “ಅದು ನನ್ನ ದೂರಿಗೆ ಸಂಬಂಧ ಇಲ್ಲದ ವಿಷಯ,” ಎಂದರು. ಫೌಜದಾರರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಸರ್, ಸರಕಾರದ ಮನಿಗೆ ನಿಮ್ಮ ಕೀಲಿ ಯಾವ ಕಾಗದದ ಮ್ಯಾಲ ಹಾಕಿದ್ರಿ, ಅದನ್ನ ತೊಗೊಂಬರ್ರಿ. ಆಮ್ಯಾಲ ಈಕಿ ವಿಷಯ ನೋಡೂಣು,” ಎಂದರು. ಕಾಗದ ಎಲ್ಲಿಂದ ತರಬೇಕು? ದೂರು ವಾಪಸ್ಸಾಯಿತು.

ಠಾಣೆಯ ಮೆಟ್ಟಿಲಿಳಿಯುವಾಗ ಅವರು ನನಗೆ ಹೇಳಿದ್ದು ಒಂದೇ ಮಾತು: “ನಿನ್ನ ಪಿಎಚ್.ಡಿ. ಆ ಕುರಿಗೋಳ ಜೋಡಿ ಮುಳಗಿತು.” ಮಾತು ಉಳಿಸಿಕೊಂಡರು. ನನ್ನ ಹೆಸರು ತೆಗೆಸಿದರು. ಬೇರೆ ಮಾರ್ಗದರ್ಶಕರು ಅವರಿಗೆ ಹೆದರಿ ಯಾರೂ ನನ್ನನ್ನು ಹಚ್ಚಿಕೊಳ್ಳಲಿಲ್ಲ. ನಾನು ಡಾಕ್ಟರೇಟ್ ಇಲ್ಲದೆಯೇ ಪಾಠ ಹೇಳುತ್ತ ಬಂದೆ. ಅದಕ್ಕೆ ನನಗೆ ವ್ಯಥೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಡೀರಿ ಎಂದದ್ದಕ್ಕೆ ಮಾತ್ರ ಒಂದು ದಿನವೂ ವ್ಯಥೆಪಟ್ಟಿಲ್ಲ.

ಮುಂದೆ ಅವರ ಲೇಖನ ದೊಡ್ಡ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹೊತ್ತು ತಪ್ಪಿ ತಿಂದ ಕುರಿಗಳಿಗೆ ಅದೇ ಮೇವು ಮೈಗೆ ಹತ್ತಿರಲಿಲ್ಲ. ಫಲಿತಾಂಶ ಸರಿಯಾಗಿಯೇ ಇತ್ತು. ಇವತ್ತಿಗೂ ಅದನ್ನು ತಪ್ಪೆನ್ನಲಾರೆ. ಕೊನೆಯಲ್ಲಿ ಒಂದು ವಾಕ್ಯವಿತ್ತು: ಬೆಳಕಿಗೆ ತೆರೆದಾಗ ಪ್ರಾಣಿಗಳು ಹಿಂಜರಿದವು, ಪರಿಚಿತ ಧ್ವನಿಯೊಂದಕ್ಕೆ ಮಾತ್ರ ಸ್ಪಂದಿಸಿದವು ಎಂಬುದನ್ನು ನಾವು ಗಮನಿಸಿದೆವು. ಗಮನಿಸಿದ ಆ ಹೊತ್ತಿನಲ್ಲಿ ಅವರು ಮೈಸೂರಿನಲ್ಲಿದ್ದರು. ಠಾಣೆಯಲ್ಲಿ ನಾನು ಹೇಳುತ್ತಿದ್ದಾಗ ಅಷ್ಟು ಲಕ್ಷ್ಯಕೊಟ್ಟು ಕೇಳಿದ್ದು ಇದಕ್ಕೇ. ಎರಡು ಕುರಿಗಳ ಸಾವಿಗೆ ‘ಅನಿವಾರ್ಯ ಕಾರಣ’ ಎಂದಷ್ಟೇ ಬರೆದಿದ್ದರು. ಅವರಿಗೆ ಸನ್ಮಾನಗಳಾದವು, ಶಾಲುಗಳು ಬಂದವು. ನಿವೃತ್ತಿಯ ಸಮಾರಂಭದಲ್ಲಿ ಯಾರೋ ಅವರನ್ನು ಪ್ರಾಣಿದಯೆಯ ಋಷಿ ಎಂದು ಕರೆದರು. ಅವರು ಗಂಭೀರವಾಗಿ ತಲೆದೂಗಿದರು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಕೆಲವು ವರ್ಷಗಳ ಹಿಂದೆ, ಮಹಾಲಿಂಗಪುರದಿಂದ ಮುಧೋಳಕ್ಕೆ ಹೋಗುವ ಬಸ್ಸಿನಲ್ಲಿ. ಸಂತೆಯ ದಿನ, ಬಸ್ಸು ತುಂಬಿತ್ತು. ಆಕಸ್ಮಿಕವಾಗಿ ಮಾಳವ್ವ ಸಿಕ್ಕಿದ್ದಳು. ಅವಳ ಮಗಳನ್ನು ಆ ಕಡೆ ಕೊಟ್ಟಿದ್ದರು. ಇಬ್ಬರೂ ಜೋಡಿ ಕೂತು ಕುರಿ ಮರಿ, ಮೊಮ್ಮಕ್ಕಳ ಸುದ್ದಿ ಮಾತಾಡುತ್ತಿದ್ದೆವು. ಮುಂದಿನ ನಿಲ್ದಾಣದಲ್ಲಿ ಅವರು ಹತ್ತಿದರು. ಮೈ ಇಳಿದಿತ್ತು, ಕೈಯಲ್ಲಿ ಕೋಲಿತ್ತು. ಮುಂದಿನ ಸೀಟಿನ ಹುಡುಗನೊಬ್ಬ ಎದ್ದು ಜಾಗ ಕೊಟ್ಟ. ಕೂತ ಮೇಲೆ ಹಿಂದೆ ತಿರುಗಿ ನನ್ನ ಗುರುತು ಹಿಡಿದು, ಏನೂ ನಡೆದೇ ಇಲ್ಲವೆಂಬಂತೆ ಕಾಲೇಜಿನ ಸುದ್ದಿ ಕೇಳಿದರು. ನಾನು ಒಂದೊಂದೇ ಮಾತಿನಲ್ಲಿ ಉತ್ತರ ಕೊಟ್ಟೆ.

“ಸಾಹೇಬರ, ಆರಾಮ ಅದೀರಿ?” ಎಂದಳು ಮಾಳವ್ವ.

ಅವರು ಅವಳನ್ನು ನೋಡಿ, ನನ್ನನ್ನು ಕೇಳಿದರು: “ಯಾರೀಕಿ?”

“ಮಾಳವ್ವ ರೀ ಸರ್. ಬೀಳಗಿ ಕಡೆ ಕುರಿ ಪ್ರಯೋಗ ಮಾಡಿದಿರಲ್ಲ, ಕುರಿ ಈಕಿವು. ಮನಿ ಈಕಿದು.”

ಅವರು ಹುಬ್ಬು ಗಂಟಿಕ್ಕಿ ಯೋಚಿಸಿದರು. “ಕುರಿ ಪ್ರಯೋಗ ನೆನಪೈತಿ. ಛಲೋ ಮಾಹಿತಿ ಬಂದಿತ್ತು,” ಎಂದರು. “ಈಕಿ ಗುರುತಿಲ್ಲ.”

ಬಸ್ಸಿನ ಸದ್ದಿನಲ್ಲಿ ಮಾಳವ್ವನಿಗೆ ಸರಿಯಾಗಿ ಕೇಳಿಸಿರಲಿಲ್ಲ. ನನ್ನ ತೋಳು ಮುಟ್ಟಿದಳು.

“ಏನಂದ್ರು ರೀ ಅಕ್ಕೋರ?”

“ನಿನ್ನ ಗುರುತಿಲ್ಲಂತ ಅವ್ರಿಗೆ.”

ಮಾಳವ್ವ ಅವರ ಬೆನ್ನನ್ನೇ ನೋಡುತ್ತ, ನನಗಲ್ಲ, ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು:

“ನನಗ ಐತಿ ಅಂತ ಹೇಳ್ರಿ.”

ಅದನ್ನು ನಾನು ಹೇಳಬೇಕಾಗಲಿಲ್ಲ. ಅವರ ಕುತ್ತಿಗೆ ಒಮ್ಮೆ ಬಿಗಿಯಿತು. ಅವರು ಮತ್ತೆ ಹಿಂದೆ ತಿರುಗಲಿಲ್ಲ. ಮುಧೋಳ ಬಂದಾಗ ಕೋಲೂರಿಕೊಂಡು, ಮುಂದಿನ ಬಾಗಿಲಿನಿಂದ ಇಳಿದು ಹೋದರು.